ಅಮ್ಮನ ಗಣಕಯಂತ್ರ

ಮನೆಯಲ್ಲಿ ಹಸುವನ್ನು ಕಟ್ಟಿದವನಿಗೆ ಅದರ ಹುಲ್ಲು, ಕಲಗಚ್ಚು, ಕೊಟ್ಟಿಗೆಯ ಸಗಣಿ ಇವುಗಳ ಚಿಂತೆಯು ಹೊತ್ತು ಮೂಡುವುದಕ್ಕೆ ಮುಂಚೆಯೇ ಮೊದಲಾಗುವುದು. ಬಾವಿಯನ್ನು ತೋಡಿಸಿದವನು ಬೇಸಗೆಯಲ್ಲಿ ಅದರ ಹೂಳನ್ನು ತೆಗೆಸುವನು. ಗಣಕಯಂತ್ರವನ್ನು ಕೊಂಡುತಂದ ನಮ್ಮಂಥವರು ಮಾತ್ರ, ದುಡ್ಡು ತೆತ್ತು ತಂದುದಾಯಿತಲ್ಲ, ಇನ್ನು ಅದು ತನ್ನ ಪಾಡಿಗೆ ತಾನು ದುಡಿಯುತ್ತಿರಲಿ ಎಂದು ತಿಳಿದು ಸುಮ್ಮನಾಗುವೆವು. ಪೆಟ್ಟಿಗೆಯೊಳಗೆ ನಡೆಯುವುದು ಕಣ್ಣಿಗೆ ಕಾಣದಿರುವುದೇ ಇದಕ್ಕೆ ಕಾರಣವಿರಬಹುದು. ನಾನು ಹಾಗೆ ಸುಮ್ಮನಿದ್ದುದರಿಂದ ನಮ್ಮ ಮನೆಯಲ್ಲಿ ಏನಾಯಿತೆಂಬುದನ್ನು ವಾಚಕರ ಮುಂದೆ ಹೇಳಿಕೊಳ್ಳಬೇಕೆಂದು ಈ ಬರೆಹವನ್ನು ತೊಡಗಿರುವೆನು. ಇದರಲ್ಲಿ ನನ್ನ ಹೆಚ್ಚಳವೇನೂ ಇಲ್ಲ.

ನಮ್ಮ ಮನೆಗೆ ಗಣಕಯಂತ್ರವು ಬಂದುದು 2002ನೆಯ ಇಸವಿಯ ನವರಾತ್ರಿಯಲ್ಲಿ. ಆಗ ನಾನು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಉಪಾಧ್ಯಾಯನಾಗಿದ್ದೆನು. ಪ್ರಶ್ನಪತ್ರಿಕೆಗಳನ್ನು ಬೆರಳಚ್ಚು ಮಾಡಿಕೊಳ್ಳುವುದಕ್ಕೆ ಬೇಕೆಂಬ ನೆಪದಿಂದ ಸಾಲ ಮಾಡಿ ಅದನ್ನು ತಂದೆನು. 15 ಅಂಗುಲದ ಗಾಜಿನ ಪರದೆ, 20 ಗಿಗಾಬೈಟಿನ ಹಾರ್ಡ್ ಡಿಸ್ಕ್, 128 ಮೆಗಾಬೈಟಿನ ಸ್ಮರಣೆ, ಒಳಗೆ ವಿಂಡೋಸ್ 98 ಎಂಬ ಕಾರ್ಯವ್ಯವಸ್ಥೆ. ಈಗ ಜೇಬಿನಲ್ಲಿಟ್ಟುಕೊಂಡು ತಿರುಗುವ ಫೋನಿನ ಪಾಲಿಗೆ ಇದು ಏನೂ ಅಲ್ಲ. ಅಂದಿಗೆ ಅದೇ ದೊಡ್ಡ ಐಶ್ವರ್ಯವಾಗಿದ್ದಿತು. ಪರದೆಯ ಪೆಟ್ಟಿಗೆಯನ್ನು ಒಳಕ್ಕೆ ತರುವುದಕ್ಕೆ ಇಬ್ಬರು ಆಳುಗಳು ಬೇಕಾದರು. ನೆರೆಹೊರೆಯವರು ನೋಡುವುದಕ್ಕೆ ಬಂದರು, ನೋಡಿ, ಕಾಫಿಯನ್ನು ಕುಡಿದು, “ಇದು ಏನೇನು ಮಾಡುತ್ತದೆ?” ಎಂದು ಕೇಳಿದರು. ನನಗೆ ತಕ್ಕ ಉತ್ತರವು ತೋಚಲಿಲ್ಲ.

ಆಯುಧಪೂಜೆಯ ದಿನ ಅಮ್ಮ ಯಂತ್ರಕ್ಕೆ ಅರಿಸಿನ ಕುಂಕುಮವನ್ನಿಟ್ಟು, ಹಳೆಯ ಸೀರೆಯ ಸೆರಗಿನಿಂದ ಅದಕ್ಕೊಂದು ಗವುಸನ್ನು ಹೊಲಿದು ಹೊದಿಸಿದಳು. ಆಕೆಗೆ ಆಗ 61 ವರ್ಷ. ಓದಿದ್ದು ಮಿಡ್ಲ್ ಸ್ಕೂಲಿನವರೆಗೆ. ನಮ್ಮ ತಂದೆಯವರು ಹೋಗಿ ಮೂರು ವರ್ಷಗಳಾಗಿದ್ದುವು. ಹೊತ್ತು ಹೋಗದೆ ಮನೆಯ ಪಾತ್ರೆಗಳನ್ನು ಎರಡೆರಡು ಸಲ ಬೆಳಗುತ್ತಿದ್ದ ಕಾಲವದು. ಯಂತ್ರವು ಬಂದ ಮೇಲೆ ಅದರ ಊಳಿಗವೂ ತನ್ನದೆಂದೇ ಆಕೆ ಭಾವಿಸಿಕೊಂಡಳು. ರಾತ್ರಿ ಮಲಗುವ ಮುನ್ನ, ಗೋಡೆಯಲ್ಲಿದ್ದ ಸ್ವಿಚ್ಚನ್ನು ಆರಿಸಿ, ಒಂದು ಕೆಂಪು ಚುಕ್ಕೆಯ ಬೆಳಕೂ ಉಳಿದಿಲ್ಲವೆಂಬುದನ್ನು ನೋಡಿಯೇ ಆಕೆ ಒಳಗೆ ಹೋಗುವಳು. ವಿದ್ಯುತ್ತು ವ್ಯರ್ಥವಾಗಬಾರದೆಂಬುದು ಆಕೆಯ ನಿಯಮ. ಈ ಸಣ್ಣ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರಿಂದ ಕೆಲಸವಿದೆ.

ಅಂದಿನ ಯಂತ್ರಗಳಿಗೆ ಆರೈಕೆಯು ಬಹಳ ಬೇಕಾಗುತ್ತಿದ್ದಿತು. ಮೌಸಿನ ಹೊಟ್ಟೆಯಲ್ಲಿ ಒಂದು ರಬ್ಬರಿನ ಗುಂಡು ಉರುಳುತ್ತಿದ್ದಿತು. ಮೇಜಿನ ಮೇಲಿನ ಧೂಳೂ ಕೈಯ ಬೆವರೂ ಸೇರಿ ಒಳಗಿನ ಉರುಳೆಗಳಿಗೆ ಮೆತ್ತಿಕೊಂಡು, ಪರದೆಯ ಮೇಲಿನ ಬಾಣವು ಕುಡಿದವನಂತೆ ಹೆಜ್ಜೆಯಿಡುವುದಕ್ಕೆ ಮೊದಲಾಗುವುದು. ಆಗ ಅಮ್ಮ ತನ್ನ ಬಳೆಯಲ್ಲಿದ್ದ ಪಿನ್ನನ್ನು ತೆಗೆದು ಆ ಕೊಳೆಯನ್ನು ಕೆರೆಯುವಳು. ಚೈತ್ರ ವೈಶಾಖದ ಗುಡುಗುಮಳೆಯು ಮಲೆನಾಡಿನವರಿಗೆ ಹೊಸದಲ್ಲ. ಮೊದಲ ವರ್ಷವೇ ಟೆಲಿಫೋನಿನ ತಂತಿಯ ಮೂಲಕ ಬಂದ ಸಿಡಿಲು ಮೋಡೆಮ್ ಎಂಬ ಹಲಗೆಯನ್ನು ಸುಟ್ಟುಹಾಕಿತು. ಅಂದಿನಿಂದ ಆಕಾಶವು ಕಪ್ಪಾದೊಡನೆ, ಅಂಗಳದ ಹಪ್ಪಳವನ್ನು ಒಳಗೆ ತರುವುದಕ್ಕೆ ಮುಂಚೆ, ಯಂತ್ರದ ತಂತಿಗಳನ್ನು ಕೀಳುವುದು ನಮ್ಮ ಮನೆಯ ಪದ್ಧತಿಯಾಯಿತು. ಯು.ಪಿ.ಎಸ್. ಎಂಬ ಆಪದ್ಬಂಧುವಿನ ಬ್ಯಾಟರಿಯು ಮೂರು ವರ್ಷಕ್ಕೆ ತೀರಿಕೊಂಡಿತು. ಮತ್ತೊಂದನ್ನು ಹಾಕಿಸಿದೆವು.

ಒಂದು ಮಳೆಗಾಲದಲ್ಲಿ ಯಂತ್ರವು ಏಳದೆ, ದೀರ್ಘಸ್ವರದಿಂದ ಒಂದೇ ಸಮನೆ ಕೂಗಿಕೊಳ್ಳಹತ್ತಿತು. ದುರಸ್ತಿಗೆ ಬಂದ ಹುಡುಗನು ಪೆಟ್ಟಿಗೆಯ ಪಕ್ಕವನ್ನು ಬಿಚ್ಚಿ, ಸ್ಮರಣೆಯ ಪಟ್ಟಿಯನ್ನು ಹೊರಕ್ಕೆ ತೆಗೆದು, ಅದರ ಅಂಚಿನ ಹೊಂಬಣ್ಣದ ಹಲ್ಲುಗಳನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿ, ಮತ್ತೆ ಕೂರಿಸಿದನು. ಯಂತ್ರವು ಎದ್ದಿತು. ತೇವದಿಂದ ಆ ಹಲ್ಲುಗಳ ಮೇಲೆ ಕಿಲುಬಿನಂಥ ಪೊರೆಯು ಕಟ್ಟಿ, ವಿದ್ಯುತ್ತಿನ ಹರಿದಾಟಕ್ಕೆ ಅಡ್ಡಿಯಾಗಿದ್ದಿತಷ್ಟೆ. ಅವನು 200 ರೂಪಾಯಿಗಳನ್ನು ತೆಗೆದುಕೊಂಡು ಹೋದನು. ಅಮ್ಮ ನಿಂತು ಎಲ್ಲವನ್ನೂ ನೋಡಿದ್ದಳು. “ಇಷ್ಟೇನೆಯೋ!” ಎಂದಳು. ಮಾರನೆಯ ದಿನದಿಂದ ಆಕೆಯ ಎಲೆಯಡಕೆಯ ಚೀಲದಲ್ಲಿ ಒಂದು ರಬ್ಬರು ಸೇರಿಕೊಂಡಿತು. ಆ ಬಳಿಕ ಎರಡು ಸಲ ಆಕೆಯೇ ಈ ಚಿಕಿತ್ಸೆಯನ್ನು ಮಾಡಿದಳು. ಉಪಾಧ್ಯಾಯನಾದ ನಾನು ದೂರದಲ್ಲಿ ನಿಂತು “ಮುಟ್ಟಬೇಡ, ಶಾಕ್ ಹೊಡೆಯುತ್ತದೆ” ಎಂದು ಕೂಗುತ್ತಿದ್ದೆನು. ಗೋಡೆಯ ಸ್ವಿಚ್ಚು ಆರಿರುವುದನ್ನು ಆಕೆ ಬೆರಳಿನಿಂದ ತೋರಿಸುವಳು.

ಕನ್ನಡವನ್ನು ಬರೆಯುವ ತಂತ್ರಾಂಶಗಳು ಆ ವೇಳೆಗೆ ಬಂದಿದ್ದುವು. ಶೇಷಾದ್ರಿವಾಸು ಅವರ ‘ಬರಹ’ವು 1998ರಲ್ಲಿ ಹೊರಟಿತು, ತರುವಾಯ ಕನ್ನಡ ಗಣಕ ಪರಿಷತ್ತಿನವರ ‘ನುಡಿ’ಯು ಬಂದಿತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವು ಎಷ್ಟು ಸುಲಭವೆಂದರೆ, ರೋಮನ್ ಲಿಪಿಯ 26 ಕೀಲಿಗಳಲ್ಲಿಯೇ ನಮ್ಮ ವರ್ಣಮಾಲೆಯೆಲ್ಲವೂ ಅಡಗುವುದು. ‘ಕೆ’ ಎಂಬ ಕೀಲಿಯನ್ನು ಒತ್ತಿದರೆ ಕಕಾರ; ಅದನ್ನೇ ಶಿಫ್ಟ್ ಕೀಲಿಯೊಡನೆ ಒತ್ತಿದರೆ ಖಕಾರ. ‘ಎಫ್’ ಎಂಬುದು ಒತ್ತಕ್ಷರಕ್ಕೆ ಕೊಂಡಿ. ನಾನು ಇದನ್ನು ಅಮ್ಮನಿಗೆ ಕಲಿಸಿದುದು ಒಂದು ಭಾನುವಾರ, ವಿನೋದಕ್ಕಾಗಿ. ಆಕೆ ಅದನ್ನು ವಿನೋದವೆಂದು ತಿಳಿಯಲಿಲ್ಲ. ಕಾಗದದ ಚೂರುಗಳ ಮೇಲೆ ಕನ್ನಡದ ಅಕ್ಷರಗಳನ್ನು ಬರೆದು, ಮೈದಾಹಿಟ್ಟಿನ ಗೋಂದಿನಿಂದ ಕೀಲಿಗಳ ಮೇಲೆ ಅಂಟಿಸಿದಳು. ಗೋಂದಿನ ಆಸೆಗೆ ಇರುವೆಗಳು ಬಂದುವು. ಮೂರು ಕೀಲಿಗಳು ಹಿಡಿದುಕೊಂಡುವು. ನಾನು ಗದರಿದೆನು. ಆಕೆ ಮಾತನಾಡದೆ ಕೀಲಿಗಳನ್ನು ಒಂದೊಂದಾಗಿ ಎಬ್ಬಿಸಿ, ಬಿಸಿನೀರಿನಲ್ಲಿ ತೊಳೆದು, ಮೊರದಲ್ಲಿ ಹರವಿ ಬಿಸಿಲಿಗಿಟ್ಟಳು. ತಿರುಗಿ ಹಾಕುವಾಗ ಕ್ರಮವು ತಪ್ಪಬಾರದೆಂದು ಒಂದು ರಟ್ಟಿನ ಮೇಲೆ ನಕ್ಷೆಯನ್ನೂ ಬರೆದಿಟ್ಟುಕೊಂಡಿದ್ದಳು. ಆ ನಕ್ಷೆಯೇ ಆಕೆಗೆ ಬಾಯಿಪಾಠವಾಗಿ, ಚೀಟಿಗಳ ಅಗತ್ಯವು ಮತ್ತೆ ತೋರಲಿಲ್ಲ.

ಆಕೆ ಏನನ್ನು ಬರೆಯುತ್ತಿರುವಳೆಂದು ನಾನು ಬಹುದಿನ ಕೇಳಲೇ ಇಲ್ಲ. ಅಡುಗೆಯ ವಿಧಾನಗಳಿರಬಹುದೆಂದು ತಿಳಿದಿದ್ದೆನು. ಒಂದು ಸಂಜೆ ಹಿಂದಿನಿಂದ ಹೋಗಿ ನೋಡಲಾಗಿ, ಪರದೆಯ ಮೇಲೆ ಆಕೆಯ ತವರೂರಿನ ಮನೆಯಿದ್ದಿತು. ಆ ಊರು ಈಗಿಲ್ಲ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ನೀರಿನ ಪಾಲಾದುವು. 1948ರಲ್ಲಿ ಮುಗಿದಿದ್ದ ಮಡೆನೂರಿನ ಅಣೆಕಟ್ಟೂ ಅದೇ ನೀರಿನಲ್ಲಿ ಮುಳುಗಿತು. ಆಕೆಯ ಮದುವೆಯಾಗಿ ಆಗ ಐದು ವರ್ಷ. ಮನೆಯ ಹೆಂಚನ್ನು ಇಳಿಸಿದ ದಿನ ಆಕೆ ಅಲ್ಲಿದ್ದಳು. ಯಾವ ಕಂಬದ ಬಳಿ ಯಾರು ಕುಳಿತುಕೊಳ್ಳುತ್ತಿದ್ದರು, ಹಿತ್ತಿಲಿನ ಯಾವ ಹಲಸಿಗೆ ಏನು ಹೆಸರು, ತೋಟದ ಕಾಲುವೆಗೆ ನೀರು ಎಲ್ಲಿಂದ ಬರುತ್ತಿದ್ದಿತು, ಇವೆಲ್ಲವನ್ನೂ ಆಕೆ ಬರೆಯುತ್ತಿದ್ದಳು. ಆ ನೀರಿನಿಂದಲೇ ನಾಡಿಗೆಲ್ಲ ವಿದ್ಯುತ್ತು ಹರಿಯಿತು. ಅದೇ ವಿದ್ಯುತ್ತು ನಮ್ಮ ಮನೆಯ ಯಂತ್ರವನ್ನೂ ಎಬ್ಬಿಸುತ್ತಿದ್ದಿತು. ಇದನ್ನು ನಾನು ಹೇಳಿದಾಗ ಅಮ್ಮ ನಕ್ಕು, “ಹಾಗಾದರೆ ಮಧ್ಯದಲ್ಲಿ ಕರೆಂಟು ಯಾಕೆ ತೆಗೆಯುತ್ತಾರೆ ಇವರು?” ಎಂದಳು.

ಬರೆದುದನ್ನು ಮತ್ತೊಂದೆಡೆಯಲ್ಲಿ ಪ್ರತಿಮಾಡಿ ಇಡಬೇಕೆಂದು ಆಕೆ ನನ್ನನ್ನು ಮೂರು ಸಲ ಕೇಳಿದಳು. ಮೊದಲನೆಯ ಸಲದ ಮಾತು ಇನ್ನೂ ಕಿವಿಯಲ್ಲಿದೆ. “ಬಿತ್ತನೆಯ ಬತ್ತವನ್ನು ನಮ್ಮಪ್ಪ ಒಂದೇ ಮುಡಿಯಲ್ಲಿ ಕಟ್ಟಿದವರಲ್ಲ, ಎರಡು ಮುಡಿ ಕಟ್ಟಿ, ಒಂದನ್ನು ದೊಡ್ಡಪ್ಪನ ಮನೆಯ ಅಟ್ಟದಲ್ಲಿ ಇಡುತ್ತಿದ್ದರು. ಇದಕ್ಕೂ ಇನ್ನೊಂದು ಮುಡಿ ಕಟ್ಟಿಡೋ.” ನಾನು ಆಗ ಒಂದು ಫ್ಲಾಪಿಯಲ್ಲಿ ನಾಲ್ಕು ಫೈಲುಗಳನ್ನು ಇಳಿಸಿದೆನು. 1.44 ಮೆಗಾಬೈಟು ಹಿಡಿಯುವ, ಅಂಗೈಯಗಲದ ಆ ತಟ್ಟೆಗಳನ್ನು ಈಗಿನ ಮಕ್ಕಳು ಕಂಡಿರಲಾರರು. ಎರಡು ಮಳೆಗಾಲಗಳನ್ನು ಕಳೆಯುವಷ್ಟರಲ್ಲಿ ಅದರೊಳಗಿನ ಹಾಳೆಗೆ ಬೂಷ್ಟು ಹಿಡಿದು, ಯಂತ್ರವು ಅದನ್ನು ಓದಲಾರೆನೆಂದಿತು. ಎರಡನೆಯ ಸಲ ಕೇಳಿದಾಗ ಸಿ.ಡಿ.ಯಲ್ಲಿ ಇಳಿಸುವೆನೆಂದೆನು. ಮೂರನೆಯ ಸಲ ಪರೀಕ್ಷೆಗಳ ಕೆಲಸವಿದೆಯೆಂದೆನು.

ಇನ್ನು ಗಡಿಯಾರದ ಸಂಗತಿ. ಗಣಕಯಂತ್ರವು ಆರಿರುವಾಗಲೂ ಕಾಲವನ್ನು ಎಣಿಸುತ್ತಿರುವುದಕ್ಕಾಗಿ ಮದರ್‌ಬೋರ್ಡಿನಲ್ಲಿ ಒಂದು ಪುಟ್ಟ ಬ್ಯಾಟರಿಯಿರುವುದು. 20 ಮಿಲಿಮೀಟರು ಅಗಲ, 3 ವೋಲ್ಟು. ನೋಡುವುದಕ್ಕೆ ಬೆಳ್ಳಿಯ ನಾಣ್ಯದಂತೆ ಇರುವುದು. ಗೋಡೆಯಿಂದ ವಿದ್ಯುತ್ತು ಬರುತ್ತಿರುವವರೆಗೆ ಅದಕ್ಕೆ ವಿಶ್ರಾಂತಿ. ನಮ್ಮ ಮನೆಯಲ್ಲಿ ಪ್ರತಿರಾತ್ರಿಯೂ ಸ್ವಿಚ್ಚನ್ನು ಆರಿಸುತ್ತಿದ್ದುದರಿಂದ ಆ ನಾಣ್ಯವೇ ರಾತ್ರಿಯೆಲ್ಲ ಎಚ್ಚರವಾಗಿರಬೇಕಾಗಿದ್ದಿತು. 2006ರಲ್ಲಿ ಅದು ಸೋತಿತು. ಅಂದಿನಿಂದ ಯಂತ್ರವನ್ನು ಎಬ್ಬಿಸಿದಾಗಲೆಲ್ಲ ಅದು ಕಪ್ಪು ಪರದೆಯ ಮೇಲೆ ತನಗೆ ನೆನಪು ತಪ್ಪಿದೆಯೆಂದು ಹೇಳಿಕೊಂಡು ನಿಲ್ಲುವುದು. ‘ಎಫ್ 1’ ಎಂಬ ಕೀಲಿಯನ್ನು ಒತ್ತಿದರೆ ಮುಂದಕ್ಕೆ ನಡೆಯುವುದು. ಅಮ್ಮ ಸಂಧ್ಯಾವಂದನೆಗೆ ಮುಂಚೆ ಆಚಮನ ಮಾಡುವವರಂತೆ ದಿನವೂ ಆ ಕೀಲಿಯನ್ನು ಒತ್ತಿ ಕುಳಿತುಕೊಳ್ಳುವಳು. “ಇದರ ತಾರೀಖು ದಿನಾ 2002ರ ಜನವರಿ ಒಂದು ಅಂತ ತೋರಿಸುತ್ತದಲ್ಲೋ” ಎಂದು ಆಕೆ ಹೇಳಿದಾಗ, “ತಾರೀಖು ತಪ್ಪಿದರೆ ನಿನ್ನ ಬರೆಹಕ್ಕೇನು ಕುಂದು?” ಎಂದುಬಿಟ್ಟೆನು. ಆ ಬ್ಯಾಟರಿಯ ಬೆಲೆ ಆಗ 25 ರೂಪಾಯಿ. ಕಾಲೇಜಿಗೆ ಹೋಗುವ ದಾರಿಯಲ್ಲಿಯೇ ಅಂಗಡಿಯಿದ್ದಿತು. ಮೂರು ವರ್ಷ ನಾನು ಆ ಅಂಗಡಿಯ ಮುಂದೆ ದಿನಕ್ಕೆರಡು ಬಾರಿ ಹಾದುಹೋಗಿರುವೆನು.

2009ರ ಮಳೆಗಾಲದಲ್ಲಿ ಯಂತ್ರವು ಕೆಲಸದ ನಡುವೆ ತಾನೇ ಆರಿಹೋಗತೊಡಗಿತು. ಮೊದಲು ಗಂಟೆಗೊಮ್ಮೆ, ಬಳಿಕ ಹತ್ತು ನಿಮಿಷಕ್ಕೊಮ್ಮೆ. ಅಂಗಡಿಯವರು ಬಂದು ನೋಡಿ, ಮದರ್‌ಬೋರ್ಡು ಹೋಗಿದೆಯೆಂದೂ, ಹಳೆಯದಾದ್ದರಿಂದ ಅದಕ್ಕೆ ಹೊಂದುವ ಬೇರೊಂದು ಸಿಗುವುದಿಲ್ಲವೆಂದೂ, ಹೊಸ ಯಂತ್ರವನ್ನೇ ಕೊಳ್ಳುವುದು ಲೇಸೆಂದೂ ಹೇಳಿದರು. ಆ ಹಲಗೆಯ ಮೇಲೆ ಉರುಟಾದ ಸಣ್ಣ ಡಬ್ಬಿಗಳಂತಿರುವ ಕೆಪಾಸಿಟರುಗಳ ಸಾಲಿದ್ದಿತು. ಅವುಗಳಲ್ಲಿ ಐದರ ತಲೆಯು ಉಬ್ಬಿ, ಕಂದುಬಣ್ಣದ ರಸವು ಒಸರಿದ್ದಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ತಯಾರಾದ ಎಷ್ಟೋ ಹಲಗೆಗಳಿಗೆ ಇದೇ ರೋಗವು ತಗಲಿದ್ದಿತೆಂದೂ, ಬೆಸುಗೆಯನ್ನು ಬಲ್ಲವನೊಬ್ಬನು ಆ ಐದನ್ನು ಬದಲಾಯಿಸಿದ್ದರೆ ಅದು ಬದುಕುತ್ತಿದ್ದಿತೆಂದೂ ನನಗೆ ತಿಳಿದುಬಂದುದು ಬಹಳ ತಡವಾಗಿ. ನಾನು ಲ್ಯಾಪ್‌ಟಾಪೊಂದನ್ನು ಕೊಂಡೆನು. ಹಳೆಯ ಯಂತ್ರವನ್ನು ಅದರ ಸೀರೆಯ ಗವುಸಿನಲ್ಲಿಯೇ ಸುತ್ತಿ ಅಟ್ಟಕ್ಕೆ ಏರಿಸಿದೆವು. ಫೈಲುಗಳನ್ನು ರಜೆಯಲ್ಲಿ ತೆಗೆದುಕೊಡುವೆನೆಂದು ನಾನೇ ಮಾತು ಕೊಟ್ಟೆನು. ಅಮ್ಮನ ಕಣ್ಣಿಗೆ ಆ ವೇಳೆಗೆ ಪೊರೆ ಬಂದಿದ್ದಿತು. ನಾಲ್ಕನೆಯ ಸಲ ಆಕೆ ಕೇಳಲಿಲ್ಲ. 2019ರಲ್ಲಿ ತೀರಿಕೊಂಡಳು.

2024ರ ಬೇಸಗೆಯಲ್ಲಿ ನನ್ನ ಮಗಳು ಊರಿಗೆ ಬಂದಿದ್ದಳು. ಅವಳು ಬೆಂಗಳೂರಿನಲ್ಲಿ ತಂತ್ರಾಂಶದ ಉದ್ಯೋಗದಲ್ಲಿರುವಳು. ಅಜ್ಜಿಯ ತವರೂರಿನ ಹೆಸರನ್ನು ಎಲ್ಲಿಯೋ ಕೇಳಿ, “ಅಜ್ಜಿ ಅದರ ಬಗ್ಗೆ ಬರೆಯುತ್ತಿದ್ದಳಲ್ಲ, ಅದೆಲ್ಲಿದೆ?” ಎಂದಳು. ಅಟ್ಟದ ಕಡೆಗೆ ಕೈ ತೋರಿಸಿದೆನು. ಅವಳು ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.

ಪೆಟ್ಟಿಗೆಯನ್ನು ಇಳಿಸಿ ಬಿಚ್ಚಿದೆವು. ಗಾಳಿಯ ತೂತುಗಳಲ್ಲಿ ಕಣಜವು ಮಣ್ಣಿನ ಗೂಡನ್ನು ಕಟ್ಟಿದ್ದಿತು. ತಳದಲ್ಲಿ ಹಲ್ಲಿಯ ಮೊಟ್ಟೆಗಳ ಒಣಸಿಪ್ಪೆ. ಪ್ರೊಸೆಸರಿನ ಮೇಲಿನ ಬೀಸಣಿಗೆಯ ರೆಕ್ಕೆಗಳ ಸಂದಿನಲ್ಲಿ ಕಂಬಳಿಯಂಥ ಧೂಳು. ನಾನು ಉತ್ಸಾಹದಿಂದ ತಂತಿಯನ್ನು ಸಿಕ್ಕಿಸಹೊರಡಲು ಮಗಳು ಕೈಯನ್ನು ಹಿಡಿದಳು. ಹದಿನೈದು ವರ್ಷ ಮಲಗಿದ್ದುದನ್ನು ಹಾಗೆ ಏಕಾಏಕಿ ಎಬ್ಬಿಸಬಾರದಂತೆ. ಹಾರ್ಡ್ ಡಿಸ್ಕೊಂದನ್ನೇ ನಾಜೂಕಾಗಿ ಕಳಚಿಕೊಂಡಳು. ಅದರ ಒಳಗೆ ಕನ್ನಡಿಯಂತೆ ನಯವಾದ ತಟ್ಟೆಗಳು ನಿಮಿಷಕ್ಕೆ 5,400 ಸುತ್ತು ತಿರುಗುವುವು. ಓದುವ ಮುಳ್ಳು ತಟ್ಟೆಯನ್ನು ಮುಟ್ಟದೆ, ಕೂದಲೆಳೆಗಿಂತ ಎಷ್ಟೋ ಪಾಲು ಕಿರಿದಾದ ಅಂತರದಲ್ಲಿ, ಗಾಳಿಯ ಮೇಲೆ ತೇಲುತ್ತಿರುವುದು. ಮುಟ್ಟಿತೆಂದರೆ ಬರೆದುದನ್ನು ಗೀರಿಹಾಕುವುದು. ಆದಕಾರಣ ಫೈಲುಗಳನ್ನು ತೆರೆದು ನೋಡುವ ಚಾಪಲ್ಯಕ್ಕೆ ಹೋಗದೆ, ಮೊದಲು ಇಡಿಯ ತಟ್ಟೆಯ ಪ್ರತಿಯನ್ನು ತೆಗೆಯಬೇಕು. ಓದಲಾಗದ ಎಡೆಗಳನ್ನು ಬಿಟ್ಟು ಮುಂದೆ ಹೋಗಿ, ಸುಲಭವಾದುದೆಲ್ಲ ಕೈಸೇರಿದ ಮೇಲೆ ಕಷ್ಟದವುಗಳ ಬಳಿಗೆ ಹಿಂದಿರುಗಬೇಕು. ಮಾವಿನಕಾಯಿ ಕೀಳುವವರ ಕ್ರಮವೂ ಇದೇ ಅಲ್ಲವೆ, ಕೈಗೆಟುಕಿದ್ದು ಮೊದಲು, ತುದಿಗೊಂಬೆಯದು ಕೊನೆಗೆ. ಅಡಾಪ್ಟರಿನ ಮೂಲಕ ಅವಳ ಲ್ಯಾಪ್‌ಟಾಪಿಗೆ ಅದನ್ನು ಜೋಡಿಸಿ, ವಿದ್ಯುತ್ತನ್ನು ಕೊಟ್ಟಾಗ ಒಳಗಿನಿಂದ ಟಕ್ ಟಕ್ ಎಂಬ ಶಬ್ದವು ನಾಲ್ಕೈದು ಸಲ ಕೇಳಿತು. ಆಮೇಲೆ ತುಂಬಿಯ ಝೇಂಕಾರದಂಥ ನಾದವು ಎದ್ದು ಒಂದೇ ಸಮನೆ ನಿಂತಿತು. ಆ ರಾತ್ರಿ ನಾನು ಮಲಗಲಿಲ್ಲ. ಹೆರಿಗೆಯ ಕೋಣೆಯ ಹೊರಗೆ ತಿರುಗುವವರಂತೆ ತಿರುಗಿದೆನು. ಬೆಳಗಿನ ಜಾವಕ್ಕೆ ಪ್ರತಿಯು ಮುಗಿಯಿತು. ಕೆಲವು ಎಡೆಗಳು ಓದಬರಲಿಲ್ಲ.

ಅಮ್ಮನ ಫೈಲುಗಳು 31 ಇದ್ದುವು. ಮೊದಲನೆಯದನ್ನು ತೆರೆದೊಡನೆ ನಮಗೆ ಎದೆಯೊಡೆಯಿತು. ಕನ್ನಡದ ಒಂದಕ್ಷರವೂ ಇರಲಿಲ್ಲ. ‘ಕನ್ನಡ’ ಎಂದಿರಬೇಕಾದೆಡೆಯಲ್ಲಿ ರೋಮನ್ ಲಿಪಿಯ ‘ಪಿ’, ತಲೆಯ ಮೇಲೆ ಗೀಟುಳ್ಳ ‘ಎ’, ಇಂಗ್ಲೆಂಡಿನ ಪೌಂಡಿನ ಗುರುತು, ಜರ್ಮನರ ಒಂದು ಸಕಾರ, ‘ಕ್ಯೂ’, ಹೀಗೆ ಸಂತೆಯ ಗೊಂದಲ. ಇದು ಫೈಲು ಕೆಟ್ಟುದರಿಂದಲ್ಲ. ಆ ಕಾಲದ ಏರ್ಪಾಡೇ ಹಾಗಿದ್ದಿತು. ವಿಂಡೋಸ್ 98ಕ್ಕೆ ಕನ್ನಡವು ತಿಳಿಯದು. ಅಕ್ಷರಗಳಿಗೆ ಇದ್ದ 256 ಮನೆಗಳಲ್ಲಿ ರೋಮನ್ ಲಿಪಿಯವರೂ ಯೂರೋಪಿನ ಇತರರೂ ಮೊದಲೇ ನೆಲೆಸಿದ್ದರು. ನಮ್ಮವರು ಜಾಣತನದಿಂದ ಕನ್ನಡದ ಅಕ್ಷರಗಳನ್ನು ಒಡಲು, ತಲೆಕಟ್ಟು, ಕೊಂಬು, ಒತ್ತು ಎಂದು ತುಂಡುಗಳಾಗಿ ಮಾಡಿ, ಅವೇ ಮನೆಗಳಲ್ಲಿ ಬಾಡಿಗೆಗೆ ಇರಿಸಿದರು. ಯಂತ್ರದ ಲೆಕ್ಕಕ್ಕೆ ಅದು ‘ಪಿ’; ಫಾಂಟು ಇರುವವರೆಗೆ ಕಣ್ಣಿಗೆ ಮಾತ್ರ ಕಕಾರದ ಒಡಲು. ಫಾಂಟು ಹೋಯಿತೆಂದರೆ ಮನೆಯ ಯಜಮಾನರೇ ಹೊರಬಂದು ನಿಲ್ಲುವರು. ಯೂನಿಕೋಡ್ ಎಂಬ ಸರ್ವಲಿಪಿ ವ್ಯವಸ್ಥೆಯಲ್ಲಿ ಕನ್ನಡಕ್ಕೆ 128 ಮನೆಗಳ ಸ್ವಂತ ಕೇರಿಯು 1991ರಲ್ಲಿಯೇ ಗೊತ್ತಾಗಿದ್ದರೂ, ಮನೆಮನೆಯ ಯಂತ್ರಗಳಿಗೆ ಅದು ಬಂದು ತಲಪುವುದಕ್ಕೆ ವರ್ಷಗಳು ಹಿಡಿದುವು. ಬಾಡಿಗೆಯ ಕಾಲದ ಬರೆಹವನ್ನು ಸ್ವಂತ ಮನೆಗೆ ಸಾಗಿಸುವ ಪರಿವರ್ತಕಗಳು ಈಗ ಸುಲಭವಾಗಿ ದೊರೆಯುವುವು. ಮಗಳು ಒಂದನ್ನು ಹಚ್ಚಿದಳು.

ಈ ಸಾಗಾಣಿಕೆಯು ಸರಾಗವಾದುದೇನಲ್ಲ. ಆ ಹಳೆಯ ಫಾಂಟುಗಳಲ್ಲಿ ಮಕಾರಕ್ಕೆ ಪ್ರತ್ಯೇಕವಾದ ಒಡಲಿಲ್ಲ; ವಕಾರಕ್ಕೆ ಒಂದು ಬಾಲವನ್ನು ಸೇರಿಸಿ ಮಕಾರವನ್ನು ಮಾಡುವರು. ಬಾಲವು ಕಳಚಿದೆಡೆಯಲ್ಲೆಲ್ಲ ‘ಮರ’ವು ‘ವರ’ವಾಗುವುದು. ಅರ್ಕಾವತ್ತು ಕಣ್ಣಿಗೆ ಅಕ್ಷರದ ಹಿಂದೆ ಕಾಣಿಸುವುದಾದರೂ ಉಚ್ಚಾರದಲ್ಲಿ ಮುಂಚೆ ಬರುವುದು. ಅದನ್ನು ಎತ್ತಿ ಮುಂದಕ್ಕೆ ಕೂರಿಸಬೇಕು. ಕೆಟ್ಟ ಎಡೆಗಳಲ್ಲಿ ಊಹೆಯಿಂದ ತಿದ್ದಿದೆವು. ಆದರೂ ಆ ಗುಂಡಿಯನ್ನು ಒತ್ತಿದ ಕ್ಷಣದಲ್ಲಿ, ಪರದೆಯ ಮೇಲಿನ ಸಂತೆಯು ಕರಗಿ, ನಮ್ಮ ಅಮ್ಮನ ಮಾತು, ಅವಳ ಬಾಯಿಂದ ಬರುತ್ತಿದ್ದ ಹಾಗೆಯೇ, ಸಾಲು ಸಾಲಾಗಿ ಮೂಡಿ ನಿಂತಿತು. ಮುಳುಗಡೆಯ ಬಳಿಕ ಹೊಸ ಊರಿಗೆ ಹೊಡೆದುಕೊಂಡು ಹೋಗಿದ್ದ ಹಸುವೊಂದು ಎರಡು ಸಲ ಹಗ್ಗವನ್ನು ಹರಿದುಕೊಂಡು ಹಳೆಯ ಮನೆಯ ಜಗುಲಿಗೆ ಬಂದು ನಿಂತುದನ್ನೂ, ಮೂರನೆಯ ಸಲ ಬಂದಾಗ ಜಗುಲಿಯ ಮೇಲೆ ನೀರಿದ್ದುದನ್ನೂ ಆಕೆ ಬರೆದಿರುವಳು. ಇದನ್ನು ನಾನು ಆಕೆಯ ಬಾಯಿಂದ ಒಮ್ಮೆಯೂ ಕೇಳಿರಲಿಲ್ಲ. ಕೇಳಲಿಲ್ಲವೆನ್ನುವುದೇ ಸರಿ.

31ರಲ್ಲಿ ನಾಲ್ಕು ಫೈಲುಗಳು ಸಂಪೂರ್ಣವಾಗಿ ಹಾಳಾಗಿದ್ದುವು. ಉಳಿದ 27ನ್ನು ಬರೆದ ಕ್ರಮದಲ್ಲಿ ಜೋಡಿಸಬೇಕೆಂದು ತಾರೀಖುಗಳನ್ನು ನೋಡಿದೆವು. ಮೊದಲ ಒಂಬತ್ತಕ್ಕೆ ತೊಂದರೆಯಿಲ್ಲ. 2003ರಿಂದ 2006ರವರೆಗಿನ ನಿಜವಾದ ತಾರೀಖುಗಳಿದ್ದುವು. ಮಿಕ್ಕ 18ಕ್ಕೂ ಒಂದೇ ತಾರೀಖು: 2002ನೆಯ ಇಸವಿ ಜನವರಿ 1. ಆ ದಿನ ನಮ್ಮ ಮನೆಯಲ್ಲಿ ಯಂತ್ರವೇ ಇರಲಿಲ್ಲ. ವೇಳೆಯನ್ನು ನೋಡಿದರೆ ಎಲ್ಲವೂ ಮಧ್ಯರಾತ್ರಿ ಕಳೆದ ಮೇಲೆ ಬರೆದುವು. ಅಮ್ಮ ಒಂಬತ್ತಕ್ಕೆ ಮಲಗುವವಳು. ಮಗಳು ಸ್ವಲ್ಪ ಯೋಚಿಸಿ ಕಾರಣವನ್ನು ಕಂಡುಹಿಡಿದಳು. ಗೋಡೆಯ ಸ್ವಿಚ್ಚನ್ನು ಆರಿಸಿದೊಡನೆ ಸತ್ತ ಬ್ಯಾಟರಿಯ ಗಡಿಯಾರವು ಎಲ್ಲವನ್ನೂ ಮರೆಯುವುದು. ಮಾರನೆಯ ದಿನ ಎಬ್ಬಿಸಿದಾಗ ಅದೇ ಜನವರಿ ಒಂದರ ನಡುರಾತ್ರಿಯಿಂದ ಮತ್ತೆ ಎಣಿಕೆಯನ್ನು ಆರಂಭಿಸುವುದು. ಆದುದರಿಂದ ಫೈಲಿನ ಮೇಲೆ 12 ಗಂಟೆ 47 ನಿಮಿಷವೆಂದಿದ್ದರೆ, ಅಂದು ಅಮ್ಮ ಯಂತ್ರವನ್ನು ಎಬ್ಬಿಸಿ 47 ನಿಮಿಷ ಕುಳಿತು, ಬರೆದುದನ್ನು ಕೊನೆಯ ಸಲ ಉಳಿಸಿ ಎದ್ದಳೆಂದು ಅರ್ಥ. ಯಾವ ದಿನವೆಂಬುದನ್ನು ಯಂತ್ರವು ಹೇಳದು; ಎಷ್ಟು ಹೊತ್ತೆಂಬುದನ್ನು ಮಾತ್ರ ಹೇಳಿತು. 1 ಗಂಟೆ 10 ನಿಮಿಷ. 2 ಗಂಟೆ 26 ನಿಮಿಷ. ಹಸುವಿನ ಸಂಗತಿಯಿರುವ ಫೈಲಿಗೆ 3 ಗಂಟೆ 5 ನಿಮಿಷ. ನಾನು ಆ ಹೊತ್ತಿನಲ್ಲಿ ಪಕ್ಕದ ಕೋಣೆಯಲ್ಲಿಯೇ ಇದ್ದಿರಬೇಕು.

ಹೀಗೆ ನಾವು ಕೈಚೆಲ್ಲಿ ಕುಳಿತಿರುವಾಗ ನನ್ನ ಹೆಂಡತಿಯು ಪರದೆಯ ಬಳಿ ಬಂದು, “ಮೇಲುಗಡೆ ಬರೆದಿದ್ದಾರಲ್ಲ” ಎಂದಳು. ನೋಡಲಾಗಿ, ಗಡಿಯಾರವು ಕೆಟ್ಟ ಮೇಲಿನ ಫೈಲುಗಳ ಮೊದಲ ಸಾಲಿನಲ್ಲಿ ಸಣ್ಣ ಅಕ್ಷರಗಳಲ್ಲಿ ಒಂದೊಂದು ಒಕ್ಕಣೆಯಿದ್ದಿತು. ವ್ಯಯ ಸಂವತ್ಸರ, ಮಾರ್ಗಶಿರ ಬಹುಳ ಪಂಚಮಿ. ಸರ್ವಜಿತು ಸಂವತ್ಸರ, ಕಾರ್ತಿಕ ಶುದ್ಧ ದ್ವಾದಶಿ, ತುಳಸಿಯ ಪೂಜೆ. ಸರ್ವಧಾರಿ, ಮಾಘ. ಯಂತ್ರದ ತಾರೀಖನ್ನು ನಂಬಲಾಗದೆಂದು ಕಂಡುಕೊಂಡ ದಿನದಿಂದ, ನನ್ನನ್ನು ಮತ್ತೆ ಕೇಳದೆ, ಆಕೆ ಗೋಡೆಯ ಪಂಚಾಂಗವನ್ನು ನೋಡಿ ತಾನೇ ಕಾಲವನ್ನು ಬರೆದುಕೊಂಡಿದ್ದಳು. ನಾವು ಅದನ್ನು ಶಿರೋನಾಮೆಯೆಂದು ತಿಳಿದು ಓದದೆ ಬಿಟ್ಟಿದ್ದೆವು. ಹಳೆಯ ಪಂಚಾಂಗಗಳನ್ನು ಬಿಸಾಡುವ ರೂಢಿಯು ನಮ್ಮ ಮನೆಯಲ್ಲಿಲ್ಲ. ದೇವರ ಕೋಣೆಯ ಮಾಡದಿಂದ ವ್ಯಯ ಸಂವತ್ಸರದಿಂದ ವಿರೋಧಿಯವರೆಗಿನ ನಾಲ್ಕನ್ನು ಹುಡುಕಿ ತೆಗೆದು, ಮೂವರೂ ನೆಲದ ಮೇಲೆ ಕುಳಿತು, ತಿಥಿಗಳನ್ನು ತಾರೀಖುಗಳಿಗೆ ಹೊಂದಿಸುತ್ತ, 14 ಫೈಲುಗಳನ್ನು ಕ್ರಮಕ್ಕೆ ತಂದೆವು.

ಕೊನೆಯದು ವಿರೋಧಿ ಸಂವತ್ಸರದ ಜ್ಯೇಷ್ಠ ಬಹುಳದ್ದು, ಎಂದರೆ 2009ರ ಜೂನ್. ಅದರ ವೇಳೆ 12 ಗಂಟೆ 9 ನಿಮಿಷ. ಯಂತ್ರವು ಹತ್ತು ನಿಮಿಷಕ್ಕೊಮ್ಮೆ ಆರಿಹೋಗುತ್ತಿದ್ದ ದಿನಗಳವು. ಆರು ಸಾಲುಗಳಿವೆ; ಹೆಂಚನ್ನು ಇಳಿಸಿದ ದಿನದ ಬೆಳಗಿನ ಮಾತು. ಏಳನೆಯ ಸಾಲು “ಅಪ್ಪ ಏಣಿಯ” ಎಂಬಲ್ಲಿಗೆ ನಿಂತಿದೆ.

ಎಲ್ಲವನ್ನೂ ಕಾಗದದ ಮೇಲೆ ಅಚ್ಚುಮಾಡಿಸಿ, ಎರಡು ಪ್ರತಿಗಳನ್ನು ಕಟ್ಟಿಸಿ, ಒಂದನ್ನು ಶಿರಸಿಯಲ್ಲಿರುವ ಅಕ್ಕನ ಮನೆಗೆ ಕಳುಹಿಸಿದೆನು. ಮಗಳು ಬೇರೆ ಬೇರೆ ಊರಿನ ಎರಡು ಯಂತ್ರಗಳಲ್ಲಿ ಇನ್ನೆರಡು ಪ್ರತಿಗಳನ್ನು ಇಟ್ಟಿರುವಳು. ಒಕ್ಕಣೆಯಿಲ್ಲದ ನಾಲ್ಕು ಫೈಲುಗಳು ಹಾಗೆಯೇ ಉಳಿದಿವೆ. ಒಂದರಲ್ಲಿ ಮಾವಿನ ಮಿಡಿಯ ಪ್ರಸ್ತಾಪವಿರುವುದರಿಂದ ಅದನ್ನು ಬೇಸಗೆಯಲ್ಲಿ ಬರೆದಿರಬೇಕೆಂದು ನಾನು. ಮಿಡಿಯ ನೆನಪು ಮಳೆಗಾಲದಲ್ಲಿಯೂ ಬರಬಹುದೆಂದು ಮಗಳು. ಶ್ರಾವಣದಲ್ಲಿ ಅಕ್ಕನು ಬರುವಳು. ಅವಳನ್ನು ಕೇಳಬೇಕೆಂದಿರುವೆವು.